ವೈಟ್‌ಫೀಲ್ಡಿನ ಇಟ್ಟಿಗೆ ಮನೆ, ನಮ್ಮೂರಿನ ಗಾರೆ

ನಿಮ್ಮೂರು ಯಾವುದು ಅಂತ ಯಾರಾದ್ರೂ ಕೇಳಿದರೆ ಸಮೇತನಹಳ್ಳಿ ಅಂತೀನಿ. ಸಾಹಿತ್ಯ ಓದಿಕೊಂಡವರಾದರೆ "ಓ, ಸಮೇತನಹಳ್ಳಿ ರಾಮರಾಯರ ಊರಾ" ಅಂತಾರೆ. ಉಳಿದವರಿಗೆ "ವೈಟ್‌ಫೀಲ್ಡ್ ಹತ್ರ" ಅಂದು ಮುಗಿಸ್ತೀನಿ. ನಾನು ಚಿಕ್ಕವನಿದ್ದಾಗ ಇದು ಉಲ್ಟಾ ಇತ್ತು. ಆಗ ವೈಟ್‌ಫೀಲ್ಡ್ ಎಲ್ಲಿ ಅಂತ ಬೆಂಗಳೂರಿನವರಿಗೇ ಹೇಳಬೇಕಾಗಿತ್ತು, ಹೊಸಕೋಟೆ ರಸ್ತೆ, ಕಾಡುಗೋಡಿ ರೈಲ್ವೆ ಸ್ಟೇಷನ್ನು ಅಂತ ಗುರುತು ಕೊಟ್ಟು.

ನಮ್ಮ ಮನೆಯಲ್ಲಿ ಮಾತ್ರ ವೈಟ್‌ಫೀಲ್ಡ್ ದಿನಾ ಬಾಯಲ್ಲಿರುವ ಹೆಸರು. ನಮ್ಮದು ಗಾರೆ ಕೆಲಸದ ಮನೆ. ತಾತ ಬೆಳಗ್ಗೆ ಮುದ್ದೆ ಉಂಡು, ಕರಣೆ, ತೂಕದ ಗುಂಡು, ಮಟ್ಟದ ಹಲಗೆ ಎಲ್ಲಾ ಒಂದು ಗೋಣಿಚೀಲಕ್ಕೆ ಹಾಕಿಕೊಂಡು ಹೊರಟರೆ, ಕತ್ತಲಾದ ಮೇಲೆ ವಾಪಸ್ಸು. ಎಲ್ಲಿಗೆ ಅಂದರೆ "ದೊರೆ ಮನೆಗೆ". ಅಪ್ಪನ ಕಾಲಕ್ಕೆ ಅದು "ಇನ್ನರ್ ಸರ್ಕಲ್ಲು" ಆಯಿತು. ನಾನು ಕರಣೆ ಹಿಡಿಯಲಿಲ್ಲ, ಪಾಠ ಹೇಳುವ ಕೆಲಸಕ್ಕೆ ಸೇರಿದೆ. ಆದರೂ ನಮ್ಮ ಮನೆಯವರು ಮೂರು ತಲೆಮಾರು ಕೈ ಆಡಿಸಿದ ಒಂದು ಇಟ್ಟಿಗೆ ಮನೆಯ ಕಥೆ ಬರೆಯದೆ ಇದ್ದರೆ ಆಗೋದಿಲ್ಲ ಅಂತ ಈಚೆಗೆ ಅನ್ನಿಸೋಕೆ ಶುರುವಾಗಿದೆ. ಅದರಲ್ಲಿ ನಮ್ಮ ತಪ್ಪೂ ಒಂದಿದೆ, ಅದನ್ನೂ ಬರೀಬೇಕು.

ಮೊದಲು ಇತಿಹಾಸ. ಐವತ್ತು ವರ್ಷ ಇಂಗ್ಲಿಷರ ಕೈಯಲ್ಲಿದ್ದ ಮೈಸೂರು ಸಂಸ್ಥಾನ 1881ರಲ್ಲಿ ಒಡೆಯರ ಮನೆತನಕ್ಕೆ ವಾಪಸ್ಸು ಬಂತು. ಪಟ್ಟಕ್ಕೆ ಬಂದವರು ಹತ್ತನೇ ಚಾಮರಾಜ ಒಡೆಯರು, ದಿವಾನರು ರಂಗಾಚಾರ್ಲು. ಮರುವರ್ಷವೇ, 1882ರಲ್ಲಿ, ಮಹಾರಾಜರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಜಮೀನು ಕೊಟ್ಟರು. ಯುರೇಷಿಯನ್ ಅಂದರೆ ಯುರೋಪಿನ ತಂದೆ, ಇಲ್ಲಿನ ತಾಯಿ ಅಥವಾ ಅಂಥ ವಂಶದಲ್ಲಿ ಹುಟ್ಟಿದವರು. ಇಂಗ್ಲಿಷರು ಅವರನ್ನು ಪೂರಾ ತಮ್ಮವರು ಅನ್ನಲಿಲ್ಲ, ನಮ್ಮವರೂ ಅನ್ನಲಿಲ್ಲ. ರೈಲ್ವೆ, ಟೆಲಿಗ್ರಾಫಿನಂಥ ಇಲಾಖೆಗಳ ಕೆಳಗಿನ ಹುದ್ದೆಗಳು ಬಿಟ್ಟರೆ ಅವರಿಗೆ ನೆಲೆ ಅಂತ ಇರಲಿಲ್ಲ. ಅವರಿಗೂ ಸ್ವಂತ ಊರು, ಸ್ವಂತ ಹೊಲ ಇರಲಿ ಅಂತ ಓಡಾಡಿದವರು ಮದರಾಸಿನ ಡಿ.ಎಸ್. ವೈಟ್. ಅವರ ಹೆಸರೇ ಊರಿಗೆ ಬಂತು. ಬಿಳಿ ಮೈದಾನ ಇತ್ತು, ಬಿಳಿಯರ ಹೊಲ ಇತ್ತು, ಅದಕ್ಕೇ ವೈಟ್‌ಫೀಲ್ಡ್ ಅನ್ನೋದೆಲ್ಲ ಆಮೇಲಿನ ಊಹೆ.

ಊರು ಕಟ್ಟಿದ ರೀತಿ ನಮ್ಮ ಕಡೆಯವರಿಗೆ ವಿಚಿತ್ರ. ನಮ್ಮ ಹಳ್ಳಿಗಳಲ್ಲಿ ಬೀದಿ ಇರುತ್ತೆ, ಬೀದಿಗೊಂದು ಕೇರಿ, ನಡುವೆ ದೇವಸ್ಥಾನ. ಇಲ್ಲಿ ಮಧ್ಯದಲ್ಲಿ ದುಂಡಗೆ ಬಯಲು ಬಿಟ್ಟು, ಅದರ ಸುತ್ತ ರಸ್ತೆ ಎಳೆದು, ರಸ್ತೆಯ ಸುತ್ತ ದೊಡ್ಡ ದೊಡ್ಡ ಕಾಂಪೌಂಡು ಹಾಕಿ ಮನೆ ಕಟ್ಟಿದರು. ಒಳಗಿನದು ಇನ್ನರ್ ಸರ್ಕಲ್, ಹೊರಗಿನದು ಔಟರ್ ಸರ್ಕಲ್. 1886ರ ಹೊತ್ತಿಗೆ ಮೆಮೋರಿಯಲ್ ಚರ್ಚೂ ಬಂತು. ಆದರೆ ಬೇಸಾಯ ಕೈಹಿಡಿಯಲಿಲ್ಲ. ಮಳೆ ನಂಬಿದ ಕೆಂಪು ಮಣ್ಣು, ರಾಗಿ ಬೆಳೆಯೋರಿಗೇ ಅದರ ಪಾಡು ಗೊತ್ತು. ಒಕ್ಕಲುತನದ ಊರಾಗಬೇಕಿದ್ದದ್ದು ನಿಧಾನಕ್ಕೆ ಪಿಂಚಣಿದಾರರ ಊರಾಯಿತು. ನೌಕರಿ ಮುಗಿಸಿದವರು ಇಲ್ಲಿಗೆ ಬಂದು, ಹಣ್ಣಿನ ಗಿಡ ಹಾಕಿಕೊಂಡು, ಕೋಳಿ ಸಾಕಿಕೊಂಡು, ಭಾನುವಾರ ಚರ್ಚಿಗೆ ಹೋಗಿಕೊಂಡು ಇದ್ದರು.

ವೈಟ್‌ಫೀಲ್ಡಿನ ಹಳೇ ಮನೆ ಅಂದ ಕೂಡಲೇ ಪತ್ರಿಕೆಯವರು ಹೇಳೋದು ಚರ್ಚಿಲ್ ಕಥೆ. 1896ರಲ್ಲಿ ಸೈನ್ಯದ ಜೊತೆ ಬೆಂಗಳೂರು ದಂಡಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಇಲ್ಲಿನ ವೇವರ್ಲಿ ಇನ್ನಿಗೆ ಬರ್ತಿದ್ದ, ಅದರ ಮಾಲೀಕ ಹ್ಯಾಮಿಲ್ಟನ್ನರ ಮಗಳು ರೋಸ್ ಮೇಲೆ ಮನಸ್ಸು ಮಾಡಿದ್ದ ಅಂತ. ಬಾಯಿಂದ ಬಾಯಿಗೆ ಬಂದ ಕಥೆ, ಚೆನ್ನಾಗಿದೆ, ಇರಲಿ. ಆದರೆ ಚರ್ಚಿಲ್ ಯಾವ ಕುರ್ಚಿಯಲ್ಲಿ ಕೂತಿದ್ದ ಅಂತ ಕೇಳೋ ಜನ, ಆ ಕುರ್ಚಿಯ ಹಿಂದಿನ ಗೋಡೆ ಕಟ್ಟಿದವರು ಯಾರು ಅಂತ ಕೇಳಿದ್ದನ್ನ ನಾನು ಇದುವರೆಗೆ ಕಂಡಿಲ್ಲ.

ಈಗ ಗೋಡೆಗೆ ಬರೋಣ. ನಾನು ಹೇಳ್ತಿರೋ ಮನೆಯ ಹೆಸರು, ಅಲ್ಲಿರುವವರ ಹೆಸರು ಬರೆಯೋದಿಲ್ಲ. ಅವರು ಒಬ್ಬರೇ ಇರುವ ವಯಸ್ಸಾದ ಹೆಂಗಸು. ಈಗಲೇ ಗೇಟಿನ ಮುಂದೆ ನಿಂತು ಜಾಗದ ರೇಟು ಕೇಳುವವರ ಕಾಟ ಅವರಿಗೆ ಸಾಕುಸಾಕಾಗಿದೆ.

ಕೆಳಗಿಂದ ಶುರು ಮಾಡ್ತೀನಿ, ಮನೆ ಕಟ್ಟೋರು ಮಾಡೋ ಹಾಗೆ. ಪಾಯ ನಮ್ಮ ಕಡೆಯ ಬಂಡೆಗಲ್ಲು. ನೆಲದಿಂದ ಎರಡಡಿ ಎತ್ತರಕ್ಕೂ ಅದೇ ಕಲ್ಲು. ಅದರ ಮೇಲೆ ಇಟ್ಟಿಗೆ ಗೋಡೆ, ದಪ್ಪ ಒಂದೂವರೆ ಅಡಿ. ಒಂದು ವರಸೆ ಇಟ್ಟಿಗೆ ಉದ್ದಕ್ಕೆ, ಅದರ ಮೇಲಿನ ವರಸೆ ಅಡ್ಡಕ್ಕೆ, ಮತ್ತೆ ಉದ್ದಕ್ಕೆ, ಹೀಗೆ ಸಂದು ಸಂದಿನ ಮೇಲೆ ಕೂರದ ಹಾಗೆ ಕಟ್ಟಿದ್ದು. ಈ ಕ್ರಮಕ್ಕೆ ಇಂಗ್ಲಿಷ್ ಬಾಂಡ್ ಅಂತ ಹೆಸರು. ತಾತನಿಗೆ ಹೆಸರು ಗೊತ್ತಿರಲಿಲ್ಲ, ಕಟ್ಟೋದು ಗೊತ್ತಿತ್ತು. ಬಾಗಿಲು ಕಿಟಕಿಯ ಮೇಲೆ ಕಾಂಕ್ರೀಟು ಲಿಂಟಲ್ ಇಲ್ಲ, ಇಟ್ಟಿಗೆಯದೇ ಕಮಾನು. ಮುಂದೆ ಉದ್ದಕ್ಕೂ ವೆರಾಂಡ, ಮರದ ಕಂಬ. ಒಳಗೆ ಎತ್ತರದ ಮಾಡು, ಬಿಸಿ ಗಾಳಿ ಮೇಲೇರಿ ಹೊರಗೆ ಹೋಗೋಕೆ ಗೋಡೆಯ ತುದಿಯಲ್ಲಿ ಚಿಕ್ಕ ಗವಾಕ್ಷಿ, ಅದನ್ನು ಎಳೆದು ಮುಚ್ಚೋಕೆ ಹಗ್ಗ. ಅಡಿಗೆಮನೆ ಹಿಂದುಗಡೆ, ಬೇರೆಯೇ ಕಟ್ಟಡ. ಕಿಟಕಿಯ ನೆತ್ತಿಯ ಮೇಲೆ ಮರದ ಪಟ್ಟಿ ಜೋಡಿಸಿ ಚೂಪಾಗಿ ಇಳಿಬಿಟ್ಟ ಟೋಪಿ. ಅದಕ್ಕೆ ಮಂಕಿ ಟಾಪ್ ಅಂತಾರೆ, ಬೆಂಗಳೂರಿನ ಹಳೇ ಬಂಗಲೆಗಳ ಗುರುತೇ ಅದು. ಮಳೆ ಎರಚಲು, ಮಧ್ಯಾಹ್ನದ ಬಿಸಿಲು ಎರಡನ್ನೂ ತಡೆಯುತ್ತೆ.

ಮೇಲೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಅದಕ್ಕೆ ಒಂದು ವರ್ಷ ಮುಂಚೆ, 1864ರಲ್ಲಿ, ಬೆಂಗಳೂರಿನಿಂದ ಜೋಲಾರಪೇಟೆಗೆ ರೈಲು ಓಡಿತ್ತು. ಆ ದಾರಿಯಲ್ಲೇ ಕಾಡುಗೋಡಿ ಸ್ಟೇಷನ್ನು. ಈ ಎರಡು ಇಲ್ಲದಿದ್ದರೆ ಇನ್ನರ್ ಸರ್ಕಲ್ಲಿನ ಮನೆಗಳು ಹೀಗೆ ಇರ್ತಿರಲಿಲ್ಲ.

ಆದರೆ ಹೆಂಚು ದೂರದಿಂದ ಬರಬಹುದು, ಇಟ್ಟಿಗೆ ಬರೋದಿಲ್ಲ. ತೂಕದ ಮಾಲು, ಗಾಡಿ ಬಾಡಿಗೆಯೇ ಇಟ್ಟಿಗೆ ಬೆಲೆಗಿಂತ ಜಾಸ್ತಿಯಾಗುತ್ತೆ. ಹಾಗಾಗಿ ಇಟ್ಟಿಗೆಯನ್ನು ಹತ್ತಿರದಲ್ಲೇ ಕೊಯ್ದು ಸುಡ್ತಿದ್ದರು. ಇವತ್ತಿಗೂ ನಮ್ಮ ಪಕ್ಕದ ಮಾಲೂರು ಇಟ್ಟಿಗೆ, ಹೆಂಚಿಗೇ ಹೆಸರಾದ ಊರು. ಈ ಸೀಮೆಯ ಕೆರೆ ಅಂಗಳದ ಜೇಡಿ ಅಷ್ಟು ಒಳ್ಳೇದು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಮಣ್ಣು ತೆಗೆದು, ತುಳಿದು ಹದ ಮಾಡಿ, ಅಚ್ಚಿಗೆ ಬಡಿದು, ಬಯಲಲ್ಲಿ ಸಾಲಾಗಿ ಒಣಗಿಸಿ, ಗೂಡು ಹಾಕಿ ಸುಡೋದು. ಆಕಾರ ಇಂಗ್ಲಿಷರದು, ಮೈ ನಮ್ಮ ಕೆರೆಯದು. ಚಿಕ್ಕಂದಿನಲ್ಲಿ ಆ ಮನೆ ಕಂಡರೆ ನನಗೆ ಬೇರೆ ದೇಶದ್ದು ಅನ್ನಿಸೋದು. ಈಗ ಹಾಗನ್ನಿಸೋದಿಲ್ಲ.

ಇಟ್ಟಿಗೆಯನ್ನು ಹಿಡಿದಿಟ್ಟದ್ದು ಸುಣ್ಣದ ಗಾರೆ. ಸುಣ್ಣದಕಲ್ಲನ್ನು ಸುಟ್ಟು, ನೀರಲ್ಲಿ ಅರಳಿಸಿ, ಗುಂಡಿಯಲ್ಲಿ ವಾರಗಟ್ಟಲೆ ಕೊಳೆಹಾಕಬೇಕು. ಆಮೇಲೆ ಒಂದು ಪಾಲು ಸುಣ್ಣಕ್ಕೆ ಒಂದು ಪಾಲು ಇಟ್ಟಿಗೆ ಪುಡಿ, ಒಂದು ಪಾಲು ಮರಳು ಸೇರಿಸಿ ಗಾರೆ ಗಾಣಕ್ಕೆ ಹಾಕಿ ಅರೆಯಬೇಕು. ದುಂಡಗಿನ ಕಲ್ಲಿನ ಕಾಲುವೆ, ಅದರಲ್ಲಿ ಉರುಳೋ ಕಲ್ಲಿನ ಚಕ್ರ, ಎಳೆಯೋಕೆ ಎತ್ತು. ಅರೆಯುವಾಗ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಸುಣ್ಣ ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡನ್ನು ನಿಧಾನಕ್ಕೆ ಹೀರಿಕೊಂಡು ಮತ್ತೆ ಕಲ್ಲಾಗುತ್ತೆ. ಒಂದು ದಿನದಲ್ಲಿ ಅಲ್ಲ, ವರ್ಷಗಳಲ್ಲಿ.

ಈಗ ನಮ್ಮ ತಪ್ಪಿನ ಭಾಗ.

1988ರಲ್ಲಿ ಆ ಮನೆಯ ಪಡುವಣ ಗೋಡೆಯ ಗಿಲಾವು ಕೆಳಭಾಗದಲ್ಲಿ ಉದುರೋಕೆ ಶುರುವಾಯಿತು. ಕ್ರಿಸ್‌ಮಸ್ಸಿಗೆ ಮೆಲ್ಬರ್ನಿನಿಂದ ನೆಂಟರು ಬರೋರಿದ್ದರು. 1947 ಆದ ಮೇಲೆ ಅಲ್ಲಿನ ಎಷ್ಟೋ ಮನೆಗಳವರು ಇಂಗ್ಲೆಂಡು, ಆಸ್ಟ್ರೇಲಿಯಾ, ಕೆನಡಾ ಅಂತ ಹೊರಟುಹೋಗಿದ್ದರಲ್ಲ, ಅಂಥ ನೆಂಟರು. ಅಷ್ಟರೊಳಗೆ ಕೆಲಸ ಮುಗೀಬೇಕು ಅಂದರು. ಕೆಲಸ ಅಪ್ಪನಿಗೆ ಬಂತು. ಸುಣ್ಣ ಅರಳಿಸಿ, ಕೊಳೆಹಾಕಿ ಅಂತ ಕೂತರೆ ಸಂಕ್ರಾಂತಿ ಆಗುತ್ತೆ. ಅಷ್ಟು ಹೊತ್ತಿಗೆ ಸಿಮೆಂಟಿಗೆ ಪರ್ಮಿಟ್ಟು ಬೇಕಿದ್ದ ಕಾಲ ಹೋಗಿತ್ತು. 1982ರಲ್ಲಿ ಸರ್ಕಾರ ನಿಯಂತ್ರಣ ಸಡಿಲಿಸಿದ ಮೇಲೆ ಹೊಸಕೋಟೆ ಅಂಗಡಿಯಲ್ಲೇ ಚೀಲ ಸಿಗ್ತಿತ್ತು. ಅಪ್ಪ ಸಿಮೆಂಟು ಗಿಲಾವು ಮಾಡೋಣ ಅಂದರು. ಮನೆಯವರಿಗೂ ಖುಷಿ.

ತಾತ ಆಗ ಕೆಲಸ ಬಿಟ್ಟು ಜಗಲಿ ಹಿಡಿದಿದ್ದರು. ವಿಷಯ ಕೇಳಿ ಒಂದೇ ಮಾತು ಅಂದರು: "ಬ್ಯಾಡ ಕಣ್ಲಾ, ಗೋಡೆಗೆ ಉಸ್ರು ಕಟ್ತದೆ."

ಅಪ್ಪ ನಕ್ಕರು. "ನಿಂದೆಲ್ಲ ಹಳೇ ಕಾಲದ್ದು ಸುಮ್ಕಿರಪ್ಪಾ, ಗೋಡೆ ಎಲ್ಲಾದ್ರೂ ಉಸಿರಾಡ್ತದಾ?"

ನಾನೂ ನಕ್ಕಿದ್ದೆ. ಕಾಲೇಜಿನಲ್ಲಿ ಓದ್ತಿದ್ದೆ ನೋಡಿ, ಎಲ್ಲಾ ಗೊತ್ತು ಅನ್ನೋ ವಯಸ್ಸು. ಹತ್ತು ದಿನದಲ್ಲಿ ಕೆಲಸ ಮುಗೀತು. ಗೋಡೆ ಕನ್ನಡಿ ಹಾಗೆ ನುಣ್ಣಗೆ ಬಂದಿತ್ತು. ಅಪ್ಪನ ಕೈ ಅಂಥಾದ್ದು.

ತಾತ ಹೇಳಿದ್ದು ಅಕ್ಷರಶಃ ನಿಜ ಅಂತ ಗೊತ್ತಾಗೋಕೆ ನಮಗೆ ಹದಿನೈದು ವರ್ಷ ಬೇಕಾಯಿತು. ಹಳೇ ಮನೆಯ ಪಾಯದಲ್ಲಿ ತೇವ ತಡೆಯೋ ಪದರ ಇರೋದಿಲ್ಲ. ನೆಲದ ನೀರು ಗೋಡೆ ಹತ್ತುತ್ತೆ. ಸುಣ್ಣದ ಗಾರೆ, ಸುಣ್ಣದ ಗಿಲಾವು ಇದ್ದಾಗ ಆ ನೀರು ಸಂದುಗಳ ಮೂಲಕ ಆವಿಯಾಗಿ ಹೊರಗೆ ಹೋಗುತ್ತೆ. ಹೋಗುವಾಗ ಉಪ್ಪಿನಂಶವನ್ನು ಗಿಲಾವಿನಲ್ಲಿ ಬಿಡುತ್ತೆ, ಗಿಲಾವು ಉದುರುತ್ತೆ. ಉದುರೋದೇ ಅದರ ಕೆಲಸ. ಗಿಲಾವು ಹಾಳಾಗಿ ಇಟ್ಟಿಗೆ ಉಳಿಯುತ್ತೆ, ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗಿ ಬಳಿದರಾಯಿತು. ಸಿಮೆಂಟು ಹಾಗಲ್ಲ. ಅದು ಇಟ್ಟಿಗೆಗಿಂತ ಗಟ್ಟಿ, ತೇವವನ್ನು ಸುಲಭಕ್ಕೆ ಹೊರಗೆ ಬಿಡೋದಿಲ್ಲ. ಒಳಗೆ ಸಿಕ್ಕಿಕೊಂಡ ನೀರು ಇನ್ನೂ ಮೇಲಕ್ಕೆ ಹತ್ತುತ್ತೆ. ಉಪ್ಪು ಇಟ್ಟಿಗೆಯ ಒಳಗೇ ಹರಳುಗಟ್ಟಿ, ಹಿಗ್ಗಿ, ಇಟ್ಟಿಗೆಯ ಮುಖವನ್ನೇ ಸೀಳುತ್ತೆ. ಹೊರಗೆ ನುಣ್ಣನೆ ಗೋಡೆ, ಒಳಗೆ ಪುಡಿ. 2003ರ ಹೊತ್ತಿಗೆ ಆ ಗೋಡೆ ಒಳಗಿನ ಕೋಣೆಯಲ್ಲಿ ಎದೆಮಟ್ಟಕ್ಕೆ ಒದ್ದೆ ಹಿಡಿದಿತ್ತು. ಮೊದಲು ಮೊಣಕಾಲಮಟ್ಟ ಇದ್ದದ್ದು. ತಾತ ಅಷ್ಟರಲ್ಲಿ ತೀರಿಕೊಂಡಿದ್ದರು. ಅಪ್ಪ ಹೋಗಿ ನೋಡಿ ಬಂದರು. ಅವತ್ತು ಊಟ ಮಾಡಲಿಲ್ಲ.

ಆಮೇಲೆ ಆ ಮನೆಯನ್ನು ಯಾರು ಕಾಯಬೇಕು ಅನ್ನೋ ಪ್ರಶ್ನೆ ನನಗೆ ಹಿಡಿಯಿತು. ಸಂರಕ್ಷಿತ ಅಂದರೆ ನಮಗೆ ನೆನಪಾಗೋದು ದೇವನಹಳ್ಳಿ ಕೋಟೆ ಮುಂದಿನ ನೀಲಿ ಬೋರ್ಡು. ಆ ಕಲ್ಲಿನ ಕೋಟೆಯ ನೆತ್ತಿಯ ಮೇಲೂ ಇಟ್ಟಿಗೆ ಗಾರೆಯ ಕೈಪಿಡಿ ಗೋಡೆ ಇದೆ, ಬಂದೂಕಿನ ಕಿಂಡಿಗಳ ಸಮೇತ, ಹೋದಾಗ ನೋಡಿ. ಅಂಥ ಸ್ಮಾರಕಗಳಿಗೆ ಕೇಂದ್ರದ 1958ರ ಕಾಯ್ದೆ ಇದೆ, ರಾಜ್ಯದ 1961ರ ಕಾಯ್ದೆ ಇದೆ. 2010ರ ತಿದ್ದುಪಡಿ ಆದ ಮೇಲೆ ಕೇಂದ್ರದ ಸ್ಮಾರಕದ ಸುತ್ತ 100 ಮೀಟರು ಹೊಸದೇನೂ ಕಟ್ಟೋ ಹಾಗಿಲ್ಲ. ಆದರೆ ಜನ ಇನ್ನೂ ವಾಸ ಮಾಡ್ತಿರೋ, ಒಲೆ ಉರೀತಿರೋ ಸಾಮಾನ್ಯ ಮನೆಗೆ ಈ ಅಂಗಿ ಹೊಂದೋದಿಲ್ಲ. ಇಂಟ್ಯಾಕ್‌ನಂಥ ಸಂಸ್ಥೆಗಳು ಹಳೇ ಮನೆಗಳ ಪಟ್ಟಿ ಮಾಡ್ತಾರೆ. ಪಟ್ಟಿಗೆ ಗೌರವ ಇದೆ, ಲಾಠಿ ಇಲ್ಲ.

ಇಂಗ್ಲೆಂಡಿನಲ್ಲಿ ಬೇರೆ ಥರ. 1947ರ ನಗರ ಯೋಜನಾ ಕಾಯ್ದೆ ಬಂದಾಗಿನಿಂದ ಅರಮನೆ, ಚರ್ಚು ಮಾತ್ರ ಅಲ್ಲ, ಹಳ್ಳಿಯ ಎರಡು ಕೋಣೆಯ ಇಟ್ಟಿಗೆ ಮನೆಯನ್ನೂ ಪಟ್ಟಿಗೆ ಸೇರಿಸ್ತಾರೆ. ಪಟ್ಟಿಯಲ್ಲಿ ಈಗ ಸುಮಾರು 4 ಲಕ್ಷ ನಮೂದುಗಳಿವೆ. ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಎರಡನೇ ದರ್ಜೆಯವು, ಅಂದರೆ ಬಹುಪಾಲು ಜನ ವಾಸವಿರೋ ಸಾಧಾರಣ ಕಟ್ಟಡಗಳು. ಮನೆಯವರು ಅಲ್ಲೇ ಇರಬಹುದು, ಮಾರಬಹುದು. ಸ್ವರೂಪ ಬದಲಾಗೋ ಕೆಲಸ ಮಾಡೋ ಮುಂಚೆ ಮಾತ್ರ ಅನುಮತಿ ಬೇಕು. ಅಲ್ಲೂ ಹಳೇ ಇಟ್ಟಿಗೆಗೆ ಸಿಮೆಂಟು ಮೆತ್ತಿ ಕೆಡಿಸಿದ ಮನೆಗಳು ಬೇಕಾದಷ್ಟಿವೆಯಂತೆ. ಓದಿದಾಗ ಅಪ್ಪನಿಗೆ ಹೇಳಿದೆ, ನೀವೊಬ್ರೇ ಅಲ್ಲ ಅಂತ. ಅವರೇನೂ ಅನ್ನಲಿಲ್ಲ.

ಕಾಯ್ದೆ ಬೇಡ ಅಂತ ನಾನು ಹೇಳ್ತಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ 2011ರಲ್ಲಿ ಅರ್ಧ ಕೆಡವೋಕೆ ಶುರುವಾಗಿ, ಜನ ಕೂಗಿದ ಮೇಲೆ ನಿಂತು, ದುರಸ್ತಿಯಾಗಿ, 2016ರಲ್ಲಿ ವಸ್ತುಸಂಗ್ರಹಾಲಯ ಆಯಿತು. ಕೂಗದೇ ಇದ್ದಿದ್ದರೆ ಅಲ್ಲಿ ಇವತ್ತು ಅಪಾರ್ಟ್‌ಮೆಂಟು ಇರ್ತಿತ್ತು. ಆದರೆ ಇನ್ನೊಂದೂ ಆಗಿದೆ. ಲಾಲ್‌ಬಾಗಿನಲ್ಲಿ ಕ್ರುಂಬಿಗಲ್ ಹಾಲ್ ಇತ್ತಲ್ಲ, ಸರ್ಕಾರದ ತೋಟದ ಒಳಗೇ, ಎಲ್ಲರ ಕಣ್ಣ ಮುಂದೆ. ಅದನ್ನ ಕೆಡವಬೇಕು ಅಂತ ಯಾವ ಬಿಲ್ಡರೂ ಬರಲಿಲ್ಲ. ವರ್ಷವರ್ಷ ಯಾರೂ ಕೈ ಹಾಕದೆ ಬಿಟ್ಟದ್ದರಿಂದ 2017ರಲ್ಲಿ ತಾನಾಗೇ ಕುಸೀತು. ಇಟ್ಟಿಗೆ ಸುಣ್ಣದ ಕಟ್ಟಡಕ್ಕೆ ಬುಲ್ಡೋಜರು ಎಷ್ಟು ಶತ್ರುವೋ, ಮುಚ್ಚಿಹೋದ ಮಳೆನೀರಿನ ದೋಣಿಯೂ ಅಷ್ಟೇ ಶತ್ರು. ಒಂದು ಹೆಂಚು ಜರುಗಿದರೆ ರೀಪು ನೆನೆಯುತ್ತೆ, ರೀಪು ಕೊಳೆತರೆ ಜಂತೆ, ಜಂತೆ ಹೋದರೆ ಗೋಡೆಯ ತಲೆ.

2023ರ ಮಾರ್ಚಿನಲ್ಲಿ ಕಾಡುಗೋಡಿಗೆ ಮೆಟ್ರೋ ಬಂತು. ಇನ್ನರ್ ಸರ್ಕಲ್ಲಿನ ಜಾಗದ ಬೆಲೆ ಕೇಳಿದರೆ ಈಗ ತಲೆ ತಿರುಗುತ್ತೆ. ಅದೇ ವರ್ಷ ಮಳೆ ನಿಂತ ಮೇಲೆ ಆ ಮನೆಯವರಿಂದ ಫೋನು ಬಂತು. ಪಡುವಣ ಗೋಡೆ ಉಬ್ಬಿಕೊಂಡಿದೆ. ಒಬ್ಬ ಕಂಟ್ರಾಕ್ಟರು ನೋಡಿ, ಗೋಡೆ ಕೆಡವಿ ಪಿಲ್ಲರ್ ಹಾಕಬೇಕು ಅಂದಿದ್ದಾನೆ. ಇನ್ನೊಬ್ಬರು, ಇದನ್ನೆಲ್ಲ ಯಾಕೆ ಇಟ್ಕೊಂಡಿದೀರಾ, ಕೊಟ್ಟುಬಿಡಿ ಅಂದಿದ್ದಾರೆ. "ಮೇಸ್ತ್ರಿ ಒಂದ್ಸಲ ಬಂದು ನೋಡಿ ಹೇಳಲಿ, ಆಮೇಲೆ ನಾನು ಡಿಸೈಡ್ ಮಾಡ್ತೀನಿ" ಅಂದರು, ತಮ್ಮ ಅರ್ಧ ತಮಿಳು ಅರ್ಧ ಕನ್ನಡದಲ್ಲಿ. ಮೇಸ್ತ್ರಿಗೆ ಅಂದರೆ ಅಪ್ಪನಿಗೆ ಎಂಬತ್ತು ದಾಟಿತ್ತು.

ಕರೆದುಕೊಂಡು ಹೋದೆ. ಅಪ್ಪ ಗೋಡೆಗೆ ಬೆರಳ ಗೆಣ್ಣಿಂದ ಕುಟ್ಟಿ ಕುಟ್ಟಿ ಕೇಳಿಸಿಕೊಂಡರು. ಟೊಳ್ಳು ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಕೊನೆಗೆ ಕುರ್ಚಿ ತರಿಸಿಕೊಂಡು ಕೂತು ಹೇಳಿದರು: "ಮೇಡಂ, ಗೋಡೆ ಕೆಟ್ಟಿಲ್ಲ. ನಾನು ಬಳಿದಿದ್ದು ಕೆಟ್ಟಿರೋದು. ಅದನ್ನ ಕಿತ್ತಾಕ್ಬೇಕು." ಮೂವತ್ತೈದು ವರ್ಷದ ಮೇಲೆ ಆ ಮಾತು ಅವರ ಬಾಯಿಂದ ಬಂತು. ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಟೀ ಕುಡೀರಿ" ಅಂದರು.

ಕೀಳೋಕೆ ಎರಡು ವಾರ ಹಿಡೀತು. ಜೋರಾಗಿ ಹೊಡೆದರೆ ಸಿಮೆಂಟಿನ ಜೊತೆ ಇಟ್ಟಿಗೆಯೂ ಕಿತ್ತು ಬರುತ್ತೆ, ಸಣ್ಣ ಉಳಿಯಲ್ಲಿ ಅಂಗೈ ಅಗಲ ಅಂಗೈ ಅಗಲ ಬಿಡಿಸಬೇಕು. ಕೆಳಗಿನ ಹತ್ತು ಹನ್ನೆರಡು ವರಸೆಯಲ್ಲಿ ಇಟ್ಟಿಗೆಯ ಮುಖ ಹಿಟ್ಟಿನ ಹಾಗೆ ಉದುರಿತು. ಮೇಲಿನವು ಗಟ್ಟಿ ಇದ್ದವು. ಹಾಳಾದವನ್ನು ಒಂದೊಂದೇ ತೆಗೆದು, ಹಿಂದಿನ ಅಡಿಗೆಮನೆಯ ಬಿದ್ದ ಗೋಡೆಯಿಂದ ಅದೇ ಅಳತೆಯ ಹಳೇ ಇಟ್ಟಿಗೆ ಆರಿಸಿ ಕೂರಿಸಿದರು. ಹೊಸ ಇಟ್ಟಿಗೆ ಅಳತೆಯೇ ಬೇರೆ, ವರಸೆ ಕೂಡೋದಿಲ್ಲ. ಹಾಗೆ ಆರಿಸುವಾಗ ಒಂದು ಇಟ್ಟಿಗೆ ಸಿಕ್ಕಿತು. ಅದರ ಅಗಲದ ಮೈ ಮೇಲೆ ಮೇಕೆಯ ಗೊರಸಿನ ಗುರುತು, ಪಕ್ಕದಲ್ಲಿ ಯಾರದೋ ನಾಲ್ಕು ಬೆರಳು. ಹಸಿ ಇಟ್ಟಿಗೆ ಬಯಲಲ್ಲಿ ಒಣಗೋಕೆ ಹಾಕಿದ್ದಾಗ ಮೇಕೆ ತುಳಿದಿದೆ, ಯಾರೋ ಎತ್ತಿ ಸರಿಮಾಡಿದ್ದಾರೆ, ಹಾಗೇ ಗೂಡಿಗೆ ಹೋಗಿದೆ. ಬೆರಳು ಸಣ್ಣವು. ಹೆಂಗಸಿನವೋ ಮಗುವಿನವೋ. ನನ್ನ ಬೆರಳು ಇಟ್ಟು ನೋಡಿದೆ, ಹಿಡಿಸಲಿಲ್ಲ.

ಸುಣ್ಣ ಮೊದಲೇ ಅರಳಿಸಿ ಗುಂಡಿಗೆ ಹಾಕಿಸಿದ್ದೆವು. ಗಾಣ ಈಗ ಎಲ್ಲಿ ತರೋದು, ಮಿಕ್ಸರ್ ಯಂತ್ರ ಬಾಡಿಗೆಗೆ ತಂದೆವು. ಬೆಲ್ಲ, ಅಳಲೆಕಾಯಿ ಮಾತ್ರ ಅಪ್ಪ ಬಿಡಲಿಲ್ಲ. ಕೆಲಸಕ್ಕೆ ಬಂದ ಹುಡುಗರು ಉತ್ತರ ಕರ್ನಾಟಕದ ಕಡೆಯವರು, ಸುಣ್ಣದ ಗಾರೆ ಮುಟ್ಟಿದ್ದೇ ಇಲ್ಲ. "ಇದು ಯಾವಾಗ ಗಟ್ಟಿ ಆಗೋದ್ರೀ ಅಜ್ಜಾ?" ಅಂತ ಒಬ್ಬ ಕೇಳಿದ. "ನಿನ್ನ ಮಕ್ಕಳ ಕಾಲಕ್ಕೆ ಆಗ್ತದೆ, ನೀನು ಬಳಿ" ಅಂದರು ಅಪ್ಪ. ಮೂರನೇ ವಾರಕ್ಕೆ ಆ ಹುಡುಗ ಕರಣೆ ಒತ್ತೋ ಹದ ಕಲಿತಿದ್ದ. ಅವನ ನಂಬರು ಬರೆದಿಟ್ಟುಕೊಂಡಿದ್ದೇನೆ.

ಮನೆ ಉಳೀತಾ? ಈ ಲೇಖನ ಬರೆಯೋ ಹೊತ್ತಿಗೆ ಉಳಿದಿದೆ. ಮುಂದೆ ಅವರ ಕಾಲ ಆದ ಮೇಲೆ ಏನಾಗುತ್ತೋ, ಅದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿದ್ದದ್ದು ಒಂದು ಗೋಡೆ.

ಗೊರಸಿನ ಗುರುತಿದ್ದ ಇಟ್ಟಿಗೆಯನ್ನು ಮನೆಗೆ ತಗೊಂಡು ಹೋಗಿ ಅಂತ ಮೇಡಂ ಹೇಳಿದರು. ನನಗೆ ಆಸೆ ಇತ್ತು. ಅಪ್ಪ ಬೇಡ ಅಂದರು. ಒಂದು ಇಟ್ಟಿಗೆ ಕಮ್ಮಿ ಬೀಳ್ತದೆ ಅಂತ ಕೆಳಗಿನಿಂದ ಆರನೇ ವರಸೆಗೆ ಅದನ್ನೇ ಕೂರಿಸಿ, ಗುರುತಿರೋ ಮೈಯನ್ನು ಹಾಸಿಗೆ ಮಾಡಿ, ಮೇಲೆ ಗಾರೆ ಹಾಕಿಸಿದರು. ಆಮೇಲೆ ಗೋಣಿಚೀಲ ನೆನೆಸಿ ಗೋಡೆಗೆ ಹೊದಿಸಿ, ದಿನಾ ಎರಡು ಸಲ ನೀರು ಚಿಮುಕಿಸಬೇಕು ಅಂತ ಮೇಡಮ್ಮಿಗೆ ಹೇಳಿ, ವೆರಾಂಡದಿಂದ ಇಳಿಯುವಾಗ ತಲೆ ಎತ್ತಿ ಮಾಡು ನೋಡಿದರು.

"ಮೇ ತಿಂಗಳಲ್ಲಿ ಬರ್ತೀವಿ ಮೇಡಂ. ಹೆಂಚು ಕೈಯಾಡಿಸ್ಬೇಕು."